ಪ್ಯಾಕ್ ತಗೋಬೇಕಾ, ಬಿಡಿ ಚಾನೆಲ್ ತಗೋಬೇಕಾ? ಟಿವಿ ಬಿಲ್ ಲೆಕ್ಕ ಹಾಕುವುದು ಹೀಗೆ

ಟಿವಿ ಬಿಲ್ ಕಡಿಮೆ ಮಾಡಬೇಕು ಅಂತ ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ. ಪ್ಯಾಕ್ ಒಳ್ಳೆಯದಾ, ಬಿಡಿ ಚಾನೆಲ್ ಒಳ್ಳೆಯದಾ? ಇಡೀ ಬಿಲ್‌ಗೆ ಸೇರಿಸಿ ಒಂದೇ ಉತ್ತರ ಹುಡುಕಿದರೆ ಸಿಗುವುದಿಲ್ಲ. ಒಂದೊಂದು ಚಾನೆಲ್ ಕಂಪನಿಗೂ ಬೇರೆ ಬೇರೆ ಉತ್ತರ ಬರುತ್ತದೆ. ಒಂದು ಕಂಪನಿಯದ್ದು ಪ್ಯಾಕ್ ತಗೊಂಡರೆ ಲಾಭ, ಇನ್ನೊಂದರದ್ದು ಒಂದೇ ಚಾನೆಲ್ ಬಿಡಿಯಾಗಿ ತಗೊಂಡರೆ ಸಾಕು, ಮತ್ತೊಂದನ್ನು ಪೂರ್ತಿ ತೆಗೆದುಹಾಕಿದರೂ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಇದನ್ನು ಕಂಡುಹಿಡಿಯುವುದಕ್ಕೆ ಒಂದು ಹಾಳೆ, ಒಂದು ಪೆನ್ನು, ಮನೆಯವರ ಜೊತೆ ಅರ್ಧ ಗಂಟೆ ಮಾತು ಬೇಕು, ಅಷ್ಟೇ.

ಬಿಲ್‌ನಲ್ಲಿ ಏನೇನು ಸೇರಿದೆ

ಟಿವಿ ಬಿಲ್ ಅನ್ನುವುದು ಒಂದು ಮೊತ್ತವಾಗಿ ಕಾಣುತ್ತದೆ. ಒಳಗೆ ಮೂರು ಭಾಗ ಇವೆ. ಒಂದು, ವೈರ್ ಅಥವಾ ಡಿಶ್ ಮೂಲಕ ಸಿಗ್ನಲ್ ತಂದುಕೊಡುವುದಕ್ಕೆ ಆಪರೇಟರ್ ತಗೊಳ್ಳುವ ದುಡ್ಡು. ಇದಕ್ಕೆ ಎನ್‌ಸಿಎಫ್ (ನೆಟ್‌ವರ್ಕ್ ಕೆಪಾಸಿಟಿ ಫೀ) ಅಂತಾರೆ. ಎರಡು, ನೀವು ಆರಿಸಿದ ಪೇ ಚಾನೆಲ್‌ಗಳ, ಅಂದರೆ ದುಡ್ಡು ಕೊಟ್ಟು ನೋಡುವ ಚಾನೆಲ್‌ಗಳ ಬೆಲೆ. ಮೂರು, ಇವೆರಡರ ಮೇಲೂ ಶೇಕಡಾ 18 ಜಿಎಸ್‌ಟಿ. ಕೆಲವರಿಗೆ ಸೆಟ್ ಟಾಪ್ ಬಾಕ್ಸ್ ಬಾಡಿಗೆಯೂ ಇರುತ್ತದೆ.

ಈ ವ್ಯವಸ್ಥೆ ಬಂದದ್ದು ಫೋನ್, ಟಿವಿ ಸೇವೆಗಳಿಗೆ ನಿಯಮ ಮಾಡುವ ಕೇಂದ್ರದ ಸಂಸ್ಥೆ ಟ್ರಾಯ್ 2017ರ ಮಾರ್ಚ್‌ನಲ್ಲಿ ಹೊರಡಿಸಿದ ಆದೇಶದಿಂದ. ಅದು ಕೋರ್ಟಿಗೆ ಹೋಯಿತು, 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, 2019ರ ಫೆಬ್ರವರಿ 1ರಿಂದ ಮನೆಮನೆಯಲ್ಲೂ ಜಾರಿಗೆ ಬಂತು. ಅದಕ್ಕಿಂತ ಮುಂಚೆ ಆಪರೇಟರ್ ಕೊಟ್ಟ ಪ್ಯಾಕೇ ಪ್ಯಾಕ್. ಇನ್ನೂ ಹಿಂದೆ, ಬಾಕ್ಸ್ ಇಲ್ಲದ ಕಾಲದಲ್ಲಿ, ಒಂದೇ ವೈರಿನಲ್ಲಿ ಎಲ್ಲ ಚಾನೆಲ್‌ಗಳೂ ಎಲ್ಲ ಮನೆಗೂ ಬರುತ್ತಿದ್ದವು. ನಿಮಗೆ ಬೇಡದ್ದನ್ನು ನಿಮ್ಮ ಮನೆಗೆ ಮಾತ್ರ ನಿಲ್ಲಿಸುವ ದಾರಿಯೇ ಇರಲಿಲ್ಲ. ಬೆಂಗಳೂರು, ಮೈಸೂರಿಗೆ 2013ರಲ್ಲಿ ಬಾಕ್ಸ್ ಕಡ್ಡಾಯವಾದ ಮೇಲೆ, ಆಮೇಲೆ ಉಳಿದ ಊರುಗಳಿಗೂ ಬಂದ ಮೇಲೆ, ಬಿಡಿ ಚಾನೆಲ್ ಅನ್ನುವ ಮಾತಿಗೆ ಅರ್ಥ ಬಂತು.

ಎನ್‌ಸಿಎಫ್ ವಿಷಯ ಸ್ವಲ್ಪ ಗಮನಿಸಿ. 2019ರಲ್ಲಿ 100 ಚಾನೆಲ್‌ಗೆ ಹೆಚ್ಚೆಂದರೆ 130 ರೂಪಾಯಿ ಅಂತ ಮಿತಿ ಇತ್ತು, ತೆರಿಗೆ ಸೇರಿಸಿ 153 ರೂಪಾಯಿ 40 ಪೈಸೆ. 2020ರಲ್ಲಿ ಅದೇ ದುಡ್ಡಿಗೆ 200 ಚಾನೆಲ್ ಕೊಡಬೇಕು ಅಂತಾಯಿತು. 2024ರ ಜುಲೈನಲ್ಲಿ ಟ್ರಾಯ್ ಈ ಮಿತಿಯನ್ನೇ ತೆಗೆದುಹಾಕಿತು. ಈಗ ಎಷ್ಟು ಹಾಕಬೇಕು ಅನ್ನುವುದು ಆಪರೇಟರ್‌ಗೆ ಬಿಟ್ಟದ್ದು, ಆದರೆ ಅದನ್ನು ಬಹಿರಂಗವಾಗಿ ಪ್ರಕಟಿಸಬೇಕು. ಹಾಗಾಗಿ ನಿಮ್ಮ ಮೊದಲ ಕೆಲಸ ಇದು: ಎನ್‌ಸಿಎಫ್ ಎಷ್ಟು, ಅದರಲ್ಲಿ ಎಷ್ಟು ಚಾನೆಲ್ ಬರುತ್ತವೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಪ್ಯಾಕ್ ತಗೊಂಡರೂ ಬಿಡಿ ತಗೊಂಡರೂ ಇದು ತಪ್ಪುವುದಿಲ್ಲ. "ನಾನು ನಾಲ್ಕೇ ಚಾನೆಲ್ ನೋಡೋದು, ಬಿಲ್ ಯಾಕೆ ಇಷ್ಟು ಬಂತು" ಅಂತ ಬೇಜಾರಾಗುವವರು ಹೆಚ್ಚಾಗಿ ಈ ಭಾಗವನ್ನು ಮರೆತಿರುತ್ತಾರೆ. ಚಾನೆಲ್ ಎಷ್ಟು ಕತ್ತರಿಸಿದರೂ ಬಿಲ್ ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಒಂದು ಲೆಕ್ಕ ನೋಡಿ. ಎನ್‌ಸಿಎಫ್ 130 ಅಂತಲೇ ಇಟ್ಟುಕೊಳ್ಳೋಣ. 19 ರೂಪಾಯಿಯ ಐದು ಚಾನೆಲ್ ತಗೊಂಡರೆ 95. ಒಟ್ಟು 225, ಜಿಎಸ್‌ಟಿ ಸೇರಿ 265 ರೂಪಾಯಿ 50 ಪೈಸೆ. ಇದರಲ್ಲಿ ನೀವು ಕೈಯಾಡಿಸಬಹುದಾದದ್ದು ಆ 95 ರೂಪಾಯಿ ಮತ್ತು ಅದರ ತೆರಿಗೆ ಮಾತ್ರ. ಪ್ಯಾಕಾ, ಬಿಡಿ ಚಾನೆಲ್ಲಾ ಅನ್ನುವ ಜಗಳವೆಲ್ಲ ನಡೆಯುವುದು ಈ ಭಾಗದಲ್ಲೇ.

ಪಟ್ಟಿ ಮಾಡಿ, ಆದರೆ ಕಂಪನಿ ಪ್ರಕಾರ ಮಾಡಿ

ಒಂದು ವಾರ ಟಿವಿ ಪಕ್ಕದಲ್ಲಿ ಒಂದು ಹಾಳೆ ಇಡಿ. ಯಾರು ಯಾವ ಚಾನೆಲ್ ಹಾಕಿದರೂ ಬರೆಯಲಿ. ಅಜ್ಜಿ ನೋಡುವ ಧಾರಾವಾಹಿ, ಮಕ್ಕಳ ಕಾರ್ಟೂನ್, ರಾತ್ರಿ ಊಟದ ಹೊತ್ತಿನ ಸುದ್ದಿ, ಭಾನುವಾರದ ಸಿನಿಮಾ, ಎಲ್ಲಾನೂ. ನೆನಪಿನಿಂದ ಪಟ್ಟಿ ಮಾಡಬೇಡಿ. ಕೇಳಿದರೆ ಎಲ್ಲರೂ ಇಪ್ಪತ್ತು ಚಾನೆಲ್ ಹೇಳುತ್ತಾರೆ, ನಿಜವಾಗಿ ನೋಡುವುದು ಎಂಟೋ ಹತ್ತೋ ಇರುತ್ತದೆ.

ವಾರ ಮುಗಿದ ಮೇಲೆ ಮೊದಲು ಫ್ರೀ ಚಾನೆಲ್‌ಗಳನ್ನು ಹೊಡೆದುಹಾಕಿ. ಕನ್ನಡದ ಸುದ್ದಿ ಚಾನೆಲ್‌ಗಳಲ್ಲಿ ಹೆಚ್ಚಿನವು ಫ್ರೀ, ಎನ್‌ಸಿಎಫ್‌ನಲ್ಲೇ ಬರುತ್ತವೆ. ಡಿಡಿ ಚಂದನವೂ ಅಷ್ಟೇ. 2024ರ ತಿದ್ದುಪಡಿಯಲ್ಲಿ ಇನ್ನೊಂದು ಒಳ್ಳೆಯ ಮಾತು ಸೇರಿದೆ: ದೂರದರ್ಶನದವರ ಉಚಿತ ಡಿಶ್ ಸೇವೆಯಾದ ಡಿಡಿ ಫ್ರೀ ಡಿಶ್‌ನಲ್ಲಿ ದುಡ್ಡಿಲ್ಲದೆ ಸಿಗುವ ಚಾನೆಲ್‌ಗೆ ಬೇರೆ ಕಡೆಯೂ ದುಡ್ಡು ಕೇಳುವಂತಿಲ್ಲ. ಹಾಗಾಗಿ ಒಂದು ಚಾನೆಲ್ ಪೇ ಅಂತ ನಿಮಗೆ ಗೊತ್ತಿದ್ದರೂ ಈಗಲೂ ಹಾಗೇ ಇದೆಯಾ ಅಂತ ಒಮ್ಮೆ ನೋಡಿಬಿಡಿ.

ಉಳಿದ ಪೇ ಚಾನೆಲ್‌ಗಳನ್ನು ಕಂಪನಿ ಪ್ರಕಾರ ಗುಂಪು ಮಾಡಿ. ಪ್ಯಾಕ್‌ಗಳನ್ನು ಹೆಚ್ಚಾಗಿ ಮಾಡುವುದು ಚಾನೆಲ್ ಕಂಪನಿಗಳೇ ಆದ್ದರಿಂದ ಇದು ತುಂಬಾ ಮುಖ್ಯ. ಉದಯ ಟಿವಿ, ಉದಯ ಮೂವೀಸ್, ಚಿಂಟು ಟಿವಿ ಸನ್ ಗುಂಪಿನವು. ಜೀ ಕನ್ನಡ ಜೀ ಗುಂಪಿನದು. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಮೊದಲು ಬೇರೆ ಬೇರೆ ಕಂಪನಿಗಳ ಕೈಯಲ್ಲಿದ್ದವು, 2024ರ ನವೆಂಬರ್‌ನಲ್ಲಿ ಆ ಕಂಪನಿಗಳು ಸೇರಿ ಜಿಯೋಸ್ಟಾರ್ ಆದ ಮೇಲೆ ಎರಡೂ ಒಂದೇ ಮನೆಯವು. ಸ್ಟಾರ್ ಸ್ಪೋರ್ಟ್ಸ್ ಕೂಡ ಅಲ್ಲೇ. ನಿಮ್ಮ ಹಳೇ ಪಟ್ಟಿ ಈ ಒಂದಾಗುವಿಕೆಗಿಂತ ಮುಂಚಿನದ್ದಾಗಿದ್ದರೆ ಈಗ ಹೊಸದಾಗಿ ಲೆಕ್ಕ ಹಾಕುವುದೇ ಸರಿ.

ಪ್ಯಾಕ್ ಯಾವಾಗ ಅಗ್ಗ?

ಈಗಿನ ನಿಯಮದ ಎರಡು ಅಂಕಿ ನೆನಪಿಟ್ಟುಕೊಳ್ಳಿ. 19 ಮತ್ತು 45. ಪ್ಯಾಕ್‌ಗೆ ಸೇರಬೇಕಾದರೆ ಒಂದು ಚಾನೆಲ್‌ನ ಬಿಡಿ ಬೆಲೆ 19 ರೂಪಾಯಿ ಮೀರುವಂತಿಲ್ಲ. ಪ್ಯಾಕ್‌ನಲ್ಲಿರುವ ಚಾನೆಲ್‌ಗಳ ಬಿಡಿ ಬೆಲೆ ಎಲ್ಲ ಕೂಡಿಸಿ, ಅದರ ಮೇಲೆ ಹೆಚ್ಚೆಂದರೆ ಶೇಕಡಾ 45 ರಿಯಾಯಿತಿ ಕೊಡಬಹುದು. 2022ರ ನವೆಂಬರ್‌ನ ತಿದ್ದುಪಡಿಯಲ್ಲಿ ಬಂದದ್ದು ಇದು, 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ.

ಇದನ್ನು ನಮ್ಮ ಲೆಕ್ಕಕ್ಕೆ ತರೋಣ. ಇದು ನಾನೇ ಮಾಡಿಕೊಂಡ ಉದಾಹರಣೆ, ಯಾವುದೇ ಕಂಪನಿಯ ನಿಜವಾದ ಪ್ಯಾಕ್ ಅಲ್ಲ. ಒಂದು ಪ್ಯಾಕ್‌ನಲ್ಲಿ ಏಳು ಚಾನೆಲ್: ಧಾರಾವಾಹಿಯದ್ದು 19, ಕ್ರೀಡೆಯದ್ದು 19, ಸಿನಿಮಾದ್ದು 10, ಮಕ್ಕಳದ್ದು 5, ಹಾಡಿನದ್ದು 3, ಉಳಿದ ಎರಡು ತಲಾ 2. ಕೂಡಿಸಿದರೆ 60. ಶೇಕಡಾ 45 ಕಳೆದರೆ ಪ್ಯಾಕ್ ಬೆಲೆ 33.

ನಿಮ್ಮ ಮನೆಯಲ್ಲಿ ಧಾರಾವಾಹಿ ಮಾತ್ರ ನೋಡುವುದಾದರೆ ಬಿಡಿ 19. ಪ್ಯಾಕ್ ಬೇಡ. ಧಾರಾವಾಹಿ ಮತ್ತು ಸಿನಿಮಾ ಆದರೆ 29. ಆಗಲೂ ಬಿಡಿಯೇ ಅಗ್ಗ, ಉಳಿಯುವುದು ನಾಲ್ಕು ರೂಪಾಯಿ ಮಾತ್ರ. ಧಾರಾವಾಹಿ ಮತ್ತು ಕ್ರೀಡೆ ಎರಡೂ ಬೇಕಾದರೆ 38 ಆಗಿಬಿಡುತ್ತದೆ. ಎರಡೇ ಚಾನೆಲ್‌ಗೆ ಏಳು ಚಾನೆಲ್‌ನ ಪ್ಯಾಕ್‌ಗಿಂತ ಐದು ರೂಪಾಯಿ ಜಾಸ್ತಿ! ಆಗ ಕಣ್ಣುಮುಚ್ಚಿ ಪ್ಯಾಕ್ ತಗೊಳ್ಳಿ.

ಇದರಿಂದ ಒಂದು ಸುಲಭದ ದಾರಿ ಸಿಗುತ್ತದೆ. ಒಂದು ಕಂಪನಿಯ ದುಬಾರಿ ಚಾನೆಲ್‌ಗಳಲ್ಲಿ ನೀವು ಎಷ್ಟು ನೋಡುತ್ತೀರಿ ಅನ್ನುವುದನ್ನು ಮಾತ್ರ ಎಣಿಸಿ. ಒಂದೇ ಆದರೆ ಅದನ್ನು ಬಿಡಿಯಾಗಿ ತಗೊಳ್ಳಿ. ಎರಡು ಅಥವಾ ಮೂರಾದರೆ ಹೆಚ್ಚಾಗಿ ಪ್ಯಾಕ್ ಗೆಲ್ಲುತ್ತದೆ, ಆದರೂ ಕೂಡಿಸಿ ನೋಡಿ. ಎರಡು ಮೂರು ರೂಪಾಯಿಯ ಸಣ್ಣ ಚಾನೆಲ್‌ಗಳನ್ನು ಎಣಿಸಬೇಡಿ. "ಇಷ್ಟೊಂದು ಚಾನೆಲ್ ಬರುತ್ತೆ" ಅಂತ ಪ್ಯಾಕ್ ಅನ್ನು ದೊಡ್ಡದಾಗಿ ತೋರಿಸುವುದಕ್ಕೆ ಅವೇ ಸಾಕು, ನಿಮ್ಮ ತೀರ್ಮಾನಕ್ಕೆ ಅವು ಬೇಕಾಗಿಲ್ಲ.

ಬಿಡಿ ಚಾನೆಲ್ ಯಾಕೆ ಅಗ್ಗ ಆಗಲಿಲ್ಲ

ಬೇಕಾದ್ದಕ್ಕೆ ಮಾತ್ರ ದುಡ್ಡು ಕೊಡಿ ಅಂದಾಗ ಬಿಲ್ ಇಳಿಯುತ್ತದೆ ಅಂತ ಜನ ನಂಬಿದ್ದರು. ಎಷ್ಟೋ ಮನೆಗಳಲ್ಲಿ ಇಳಿಯಲಿಲ್ಲ. ಯಾಕೆ ಅಂತ ಅರ್ಥ ಮಾಡಿಕೊಂಡರೆ ನಿಮ್ಮ ಆಯ್ಕೆಯೂ ಚೆನ್ನಾಗಿರುತ್ತದೆ.

ಎರಡು ಮನೆ ಇವೆ ಅಂದುಕೊಳ್ಳಿ. ಮೊದಲ ಮನೆಗೆ ಧಾರಾವಾಹಿ ಚಾನೆಲ್ ಅಂದರೆ ಪ್ರಾಣ, ಅದಕ್ಕೆ 20 ರೂಪಾಯಿ ಕೊಡಲು ತಯಾರು, ಕ್ರೀಡೆಗೆ 5 ರೂಪಾಯಿ ಕೊಟ್ಟಾರು. ಎರಡನೇ ಮನೆ ಇದಕ್ಕೆ ತಿರುಗುಮುರುಗು. ಕಂಪನಿ ಎರಡನ್ನೂ ಬಿಡಿಯಾಗಿ 20ಕ್ಕೆ ಮಾರಿದರೆ ಒಂದೊಂದು ಮನೆಯೂ ಒಂದೊಂದು ಕೊಳ್ಳುತ್ತದೆ, ಬರುವುದು 40. ಎರಡನ್ನೂ ಕಟ್ಟಿ 25ಕ್ಕೆ ಮಾರಿದರೆ ಇಬ್ಬರೂ ಕೊಳ್ಳುತ್ತಾರೆ, ಬರುವುದು 50. ಮೇಲಾಗಿ ಎರಡೂ ಚಾನೆಲ್ ಎರಡೂ ಮನೆಗೆ ತಲುಪಿದವು ಅಂತ ಜಾಹೀರಾತಿನವರಿಗೂ ತೋರಿಸಬಹುದು. ಚಾನೆಲ್‌ಗಳಿಗೆ ನಿಮ್ಮ ಚಂದಾ ಎಷ್ಟು ಮುಖ್ಯವೋ ಜಾಹೀರಾತೂ ಅಷ್ಟೇ ಮುಖ್ಯ. ಹಾಗಾಗಿ ಅವರಿಗೆ ಪ್ಯಾಕ್ ಮಾರುವುದೇ ಬೇಕು. ಬಿಡಿ ಬೆಲೆಯನ್ನು ಮೇಲೆ ಇಟ್ಟರೆ ಪ್ಯಾಕ್ ತಾನಾಗಿಯೇ ಅಗ್ಗವಾಗಿ ಕಾಣುತ್ತದೆ.

2019ರಲ್ಲಿ ಆದದ್ದು ಇದೇ. ಜನಪ್ರಿಯ ಚಾನೆಲ್‌ಗಳು ಒಂದರ ಹಿಂದೆ ಒಂದು 19 ರೂಪಾಯಿಗೇ ಬಂದು ನಿಂತವು. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಇಟ್ಟರೂ ಪ್ಯಾಕ್‌ಗೆ ಸೇರಿಸುವಂತಿರಲಿಲ್ಲ ನೋಡಿ. ರಿಯಾಯಿತಿಗೆ ಶೇಕಡಾ 15ರ ಮಿತಿ ಇರಬೇಕು ಅಂತ ಟ್ರಾಯ್ ಮೊದಲೇ ಹೇಳಿತ್ತು, ಆದರೆ ಆ ಒಂದು ಭಾಗವನ್ನು ಮದ್ರಾಸ್ ಹೈಕೋರ್ಟ್ ತೆಗೆದುಹಾಕಿತ್ತು. ಮಿತಿಯೇ ಇಲ್ಲದ್ದರಿಂದ ಕೆಲವು ಪ್ಯಾಕ್‌ಗಳಲ್ಲಿ ರಿಯಾಯಿತಿ ಶೇಕಡಾ 70ರವರೆಗೂ ಹೋಗಿದೆ ಅಂತ ಟ್ರಾಯ್ ಅದೇ ವರ್ಷ ಹೇಳಿತು. 2020ರಲ್ಲಿ 19ನ್ನು 12ಕ್ಕೆ ಇಳಿಸಿ, ರಿಯಾಯಿತಿಯನ್ನು ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕೆ ಕಟ್ಟಿಹಾಕಲು ಹೊರಟಿತು. ಚಾನೆಲ್‌ನವರು ಬಾಂಬೆ ಹೈಕೋರ್ಟಿಗೆ ಹೋದರು. ಎಳೆದಾಡಿ ಎಳೆದಾಡಿ ಕೊನೆಗೆ 2022ರಲ್ಲಿ 12 ಮತ್ತೆ 19 ಆಯಿತು, ರಿಯಾಯಿತಿ 45ಕ್ಕೆ ನಿಂತಿತು. ಹೊಸ ದರ ಒಪ್ಪದ ಕೇಬಲ್ ಕಂಪನಿಗಳಿಗೆ 2023ರ ಫೆಬ್ರವರಿಯಲ್ಲಿ ದೊಡ್ಡ ಚಾನೆಲ್ ಕಂಪನಿಗಳು ಕೆಲವು ದಿನ ಸಿಗ್ನಲ್ಲನ್ನೇ ನಿಲ್ಲಿಸಿದವು. ದುಡ್ಡು ಕಟ್ಟಿದ ಮನೆಯವರು ಸುಮ್ನೆ ಖಾಲಿ ಪರದೆ ನೋಡಬೇಕಾಯಿತು. ಅವರಿಬ್ಬರ ಜಗಳದಲ್ಲಿ ನೋಡುಗನ ಮಾತು ಕೇಳುವವರೇ ಇರಲಿಲ್ಲ ಅನ್ನುವುದು ನನಗೆ ಇವತ್ತಿಗೂ ಸರಿಕಾಣದ ವಿಷಯ.

ಪ್ಯಾಕ್ ಪರವಾಗಿ ಮಾತಾಡುವವರ ವಾದದಲ್ಲೂ ಹುರುಳಿದೆ. ಮಕ್ಕಳ ಚಾನೆಲ್, ಹಾಸ್ಯದ ಚಾನೆಲ್, ಸಣ್ಣ ಭಾಷೆಗಳ ಚಾನೆಲ್ ಬಿಡಿಯಾಗಿ ನಿಂತು ಬದುಕುವುದು ಕಷ್ಟ. ಕನ್ನಡದಲ್ಲಿ ಕಾರ್ಟೂನ್ ನೋಡುವ ಮಗುವಿಗೆ ಒಂದು ಚಾನೆಲ್ ಇದೆ ಅಂದರೆ ಅದರಲ್ಲಿ ದೊಡ್ಡ ಚಾನೆಲ್ ಜೊತೆ ಕಟ್ಟಿ ಮಾರಿದ್ದರ ಪಾಲೂ ಇದೆ. ಇದನ್ನು ನಾನು ಒಪ್ಪುತ್ತೇನೆ. ಒಪ್ಪಲಾಗದ್ದು ಬಿಡಿ ಬೆಲೆಯನ್ನು ಬೇಕಂತಲೇ ಎತ್ತರಿಸಿ, ಆಯ್ಕೆಯ ಹಕ್ಕನ್ನು ಕಾಗದದ ಮೇಲೆ ಮಾತ್ರ ಉಳಿಸುವುದು. ಕೆನಡಾದಲ್ಲಿ 2016ರಲ್ಲಿ ಇದಕ್ಕೆ ಬೇರೆ ದಾರಿ ಹಿಡಿದರು. ಮೊದಲು 25 ಡಾಲರ್ ಮೀರದ ಒಂದು ಚಿಕ್ಕ ಮೂಲ ಪ್ಯಾಕ್ ಕಡ್ಡಾಯ ಮಾಡಿದರು, ಅದೇ ವರ್ಷದ ಕೊನೆಗೆ ಬಿಡಿ ಚಾನೆಲ್ ಮತ್ತು ಪುಟ್ಟ ಪ್ಯಾಕ್ ಎರಡನ್ನೂ ಕೊಡಲೇಬೇಕು ಅಂದರು. ಪುಟ್ಟ ಪ್ಯಾಕ್ ಅನ್ನುವ ಆ ನಡುವಿನ ದಾರಿ ನಮಗೂ ಬೇಕಿತ್ತು.

ಆರಿಸುವಾಗ ಎಚ್ಚರ ಇರಬೇಕಾದ ಜಾಗಗಳು

ಪ್ಯಾಕ್‌ಗಳಲ್ಲಿ ಎರಡು ಜಾತಿ. ಚಾನೆಲ್ ಕಂಪನಿ ಮಾಡಿದ್ದು ಒಂದು, ಆಪರೇಟರ್ ಬೇರೆ ಬೇರೆ ಕಂಪನಿಗಳದ್ದನ್ನು ಸೇರಿಸಿ ಮಾಡಿದ್ದು ಇನ್ನೊಂದು. ಕೇಬಲ್‌ನವರು "ಕನ್ನಡ ಪ್ಯಾಕ್ ಹಾಕ್ತೀನಿ ಸರ್, ಎಲ್ಲಾ ಬರುತ್ತೆ" ಅನ್ನುವಾಗ ಹೇಳುತ್ತಿರುವುದು ಎರಡನೆಯದನ್ನು. ಅದು ಕೆಟ್ಟದ್ದೇನಲ್ಲ. ದೊಡ್ಡ ಮನೆ, ಎಲ್ಲರ ರುಚಿ ಬೇರೆ ಬೇರೆ, ಪಟ್ಟಿಯಲ್ಲಿ ಎಲ್ಲ ಕಂಪನಿಯದ್ದೂ ಎರಡೆರಡು ಇದೆ ಅಂದರೆ ಅದೇ ಸರಿಹೋಗುತ್ತದೆ. ಆದರೆ ಒಳಗಿನ ಪಟ್ಟಿ ತರಿಸಿಕೊಂಡು, ನಿಮ್ಮ ಹಾಳೆಯ ಜೊತೆ ಹೋಲಿಸಿ, ಆಮೇಲೆ ಹೂಂ ಅನ್ನಿ.

ಎಚ್‌ಡಿ ವಿಷಯದಲ್ಲಿ ದುಡ್ಡು ಸೋರುವುದು ಜಾಸ್ತಿ. ಒಂದೇ ಪ್ಯಾಕ್‌ನಲ್ಲಿ ಒಂದೇ ಚಾನೆಲ್‌ನ ಎಚ್‌ಡಿ ಮತ್ತು ಮಾಮೂಲಿ ರೂಪ ಎರಡೂ ಇರುವಂತಿಲ್ಲ ಅಂತ ನಿಯಮ ಇದೆ. ಆದರೆ ಮಾಮೂಲಿ ಪ್ಯಾಕ್ ಒಂದು ಇದ್ದು, ಅದರ ಮೇಲೆ ನೀವೇ ಎಚ್‌ಡಿ ಸೇರಿಸಿದ್ದರೆ ಒಂದೇ ಚಾನೆಲ್‌ಗೆ ಎರಡು ಸಲ ಕಟ್ಟುತ್ತಿರುತ್ತೀರಿ. ಬಿಲ್ ತೆಗೆದು ಒಂದೇ ಹೆಸರು ಎರಡು ಕಡೆ ಇದೆಯಾ ನೋಡಿ. ಹಿಂದಿನ ನಿಯಮದಲ್ಲಿ ಎನ್‌ಸಿಎಫ್ ಎಣಿಕೆಯಲ್ಲೂ ಒಂದು ಎಚ್‌ಡಿ ಎರಡು ಚಾನೆಲ್‌ಗೆ ಸಮ ಇತ್ತು, ಈಗ ಹೇಗೆ ಎಣಿಸುತ್ತಾರೆ ಅಂತ ಆಪರೇಟರ್‌ನ ಕೇಳಿ. ಟಿವಿ ಚಿಕ್ಕದಾಗಿದ್ದರೆ ಸುದ್ದಿಗೂ ಧಾರಾವಾಹಿಗೂ ಎಚ್‌ಡಿ ಬೇಕೇ ಬೇಕು ಅಂತ ಇಲ್ಲ, ಕ್ರಿಕೆಟ್‌ಗೆ ಇಟ್ಟುಕೊಂಡರೆ ಸಾಕು.

ಕ್ರೀಡೆ ಚಾನೆಲ್‌ಗಳನ್ನು ವರ್ಷವಿಡೀ ಇಟ್ಟುಕೊಳ್ಳಬೇಡಿ. ಐಪಿಎಲ್ ಎರಡು ತಿಂಗಳು, ವಿಶ್ವಕಪ್ ಇದ್ದರೆ ಇನ್ನೊಂದು ತಿಂಗಳು. ಬೇಕಾದಾಗ ಹಾಕಿಸಿ, ಮುಗಿದ ಮೇಲೆ ತೆಗೆಸಿ. ಬಿಡಿ ಚಾನೆಲ್‌ನ ನಿಜವಾದ ಲಾಭ ಇಲ್ಲಿರುವುದು. ಹಾಕಿಸುವ ಮೊದಲು ಒಂದು ಪ್ರಶ್ನೆ ಕೇಳಿ: ತೆಗೆಸುವುದಕ್ಕೆ ಕನಿಷ್ಠ ಇಷ್ಟು ದಿನ ಅಂತ ಏನಾದರೂ ಇದೆಯಾ?

ಆರು ತಿಂಗಳು, ಒಂದು ವರ್ಷದ ರೀಚಾರ್ಜ್‌ಗೆ ರಿಯಾಯಿತಿ ಸಿಗುತ್ತದೆ ನಿಜ, ಆದರೆ ಹೊಸ ಪಟ್ಟಿಯನ್ನು ಒಂದು ತಿಂಗಳು ನೋಡಿ, ಮನೆಯಲ್ಲಿ ಎಲ್ಲರಿಗೂ ಸರಿಹೋದ ಮೇಲೆ ಅದಕ್ಕೆ ಹೋಗಿ. ಎರಡನೇ ಟಿವಿ ಇದ್ದರೆ ಅದರ ಎನ್‌ಸಿಎಫ್ ಎಷ್ಟು ಅಂತ ಬೇರೆಯಾಗಿ ಕೇಳಿ. ಎರಡೂ ಬಾಕ್ಸ್‌ಗೆ ಒಂದೇ ಪಟ್ಟಿ ಇರಬೇಕಾಗಿಲ್ಲ. ಅಜ್ಜಿ ಕೋಣೆಯ ಟಿವಿಗೆ ಎರಡು ಚಾನೆಲ್ ಸಾಕಾಗಿದ್ದರೆ ಎರಡೇ ಹಾಕಿಸಿ.

ಬದಲಾಯಿಸುವುದು

ಬೆಲೆ ನೋಡುವುದಕ್ಕೆ ಬಾಕ್ಸ್‌ನಲ್ಲಿ 999ನೇ ಚಾನೆಲ್ ಹಾಕಿ, ಅಥವಾ ಚಾನೆಲ್ ಗೈಡ್‌ನಲ್ಲಿ ಹೆಸರಿನ ಪಕ್ಕ ಬರುವ ಎಂಆರ್‌ಪಿ ನೋಡಿ. ಆಪರೇಟರ್‌ನ ಆ್ಯಪ್‌ನಲ್ಲೂ ಪಟ್ಟಿ ಇರುತ್ತದೆ. ಟ್ರಾಯ್ 2020ರಲ್ಲಿ ಚಾನೆಲ್ ಸೆಲೆಕ್ಟರ್ ಅನ್ನುವ ಆ್ಯಪ್ ತಂದಿತ್ತು. ನೀವು ಆರಿಸಿದ ಚಾನೆಲ್‌ಗಳಿಗೆ ಯಾವ ಪ್ಯಾಕ್ ಹಾಕಿದರೆ ಅಗ್ಗ ಅಂತ ಅದೇ ಹೇಳುತ್ತಿತ್ತು, ಈಗಲೂ ಸಿಕ್ಕಿ ನಿಮ್ಮ ಆಪರೇಟರ್ ಅದರಲ್ಲಿದ್ದರೆ ನೋಡಿ. ಇಲ್ಲದಿದ್ದರೂ ಮೇಲಿನ ಕೂಡಿಸುವ ಲೆಕ್ಕ ಯಾವ ಆ್ಯಪೂ ಇಲ್ಲದೆ ಆಗುತ್ತದೆ.

ಡಿಟಿಎಚ್, ಅಂದರೆ ಡಿಶ್ ಸಂಪರ್ಕ ಆದರೆ ಆ್ಯಪ್‌ನಲ್ಲೇ ಬದಲಾಯಿಸಬಹುದು. ಮೊದಲು ಹೊಸದನ್ನು ಸೇರಿಸಿ, ಮೊತ್ತ ಎಷ್ಟು ತೋರಿಸುತ್ತದೆ ನೋಡಿ, ಆಮೇಲೆ ಹಳೇ ಪ್ಯಾಕ್ ತೆಗೆಯಿರಿ. ಕೊನೆಯ ಮೊತ್ತದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕೇಬಲ್ ಆದರೆ ಬಾಯಲ್ಲಿ ಹೇಳಿ ಬರಬೇಡಿ. ಬೇಕಾದ ಪ್ಯಾಕ್, ಬೇಕಾದ ಬಿಡಿ ಚಾನೆಲ್, ತೆಗೆಯಬೇಕಾದ್ದು ಮೂರನ್ನೂ ಬರೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ಹೀಗೆ ಬರೆದರೆ ಸಾಕು: "ಅಣ್ಣಾ, ನಮ್ಮ ಬಾಕ್ಸ್‌ಗೆ ಈಗಿರುವ ಪ್ಯಾಕ್ ತೆಗೆದು, ಈ ಪಟ್ಟಿಯಲ್ಲಿರೋದು ಮಾತ್ರ ಹಾಕಿ. ಎನ್‌ಸಿಎಫ್, ಜಿಎಸ್‌ಟಿ ಸೇರಿ ಎಷ್ಟಾಗುತ್ತೆ ತಿಳಿಸಿ." ಒಳ್ಳೆಯ ಮಾತಲ್ಲಿ ಕೇಳಿ. ಮಳೆಗಾಲದಲ್ಲಿ ವೈರ್ ಹರಿದರೆ ಬಂದು ಕಟ್ಟುವವರು ಅವರೇ, ಚಾನೆಲ್ ಬೆಲೆ ಇಟ್ಟವರು ಅವರಲ್ಲ.

"ಬಿಡಿ ಹಾಕೋಕೆ ಆಗಲ್ಲ, ಪ್ಯಾಕೇ ತಗೋಬೇಕು" ಅಂದರೆ ಅದು ಸರಿಯಲ್ಲ. ಪ್ರತಿಯೊಂದು ಪೇ ಚಾನೆಲ್ ಬಿಡಿಯಾಗಿಯೂ ಸಿಗಬೇಕು ಅನ್ನುವುದು 2017ರ ಆದೇಶದ ಬೇರು, ಎಷ್ಟು ತಿದ್ದುಪಡಿ ಬಂದರೂ ಅದು ಬದಲಾಗಿಲ್ಲ. ಆಗ ಅವರಿಗೆ ಸಿಗ್ನಲ್ ಕೊಡುವ ದೊಡ್ಡ ಕೇಬಲ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ, ದೂರಿನ ನಂಬರ್ ತಗೊಳ್ಳಿ. ಅಲ್ಲೂ ಆಗದಿದ್ದರೆ ಅದೇ ಕಂಪನಿಯ ನೋಡಲ್ ಅಧಿಕಾರಿಗೆ ಆ ನಂಬರ್ ಹಾಕಿ ಬರೆಯಿರಿ. ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ಬಗೆಹರಿಸುವುದಿಲ್ಲ, ಹಾಗಾಗಿ ನೇರವಾಗಿ ಅಲ್ಲಿಗೆ ಬರೆದು ಕಾಯುತ್ತಾ ಕೂರಬೇಡಿ.

ಹಾಳೆ ನೋಡಿದ ಮೇಲೆ ಪೇ ಚಾನೆಲ್ ಒಂದೂ ಉಳಿಯಲಿಲ್ಲ, ಎಲ್ಲಾ ಸುದ್ದಿ ಮತ್ತು ಚಂದನವೇ ಅಂದರೆ ತಿಂಗಳ ಬಾಡಿಗೆಯೇ ಇಲ್ಲದ ಡಿಡಿ ಫ್ರೀ ಡಿಶ್ ಬಗ್ಗೆ ಯೋಚಿಸಿ. ಡಿಶ್ ಮತ್ತು ಬಾಕ್ಸ್‌ಗೆ ಒಂದು ಸಲ ಕೊಟ್ಟರೆ ಮುಗಿಯಿತು. ಆದರೆ ನಿಮಗೆ ಬೇಕಾದ ಸುದ್ದಿ ಚಾನೆಲ್ ಅದರಲ್ಲಿ ಬರುತ್ತಾ ಅಂತ ಮೊದಲೇ ನೋಡಿಕೊಳ್ಳಿ, ಕೇಬಲ್‌ನಲ್ಲಿ ಫ್ರೀ ಇರುವುದೆಲ್ಲ ಅಲ್ಲಿ ಇರುವುದಿಲ್ಲ. ಧಾರಾವಾಹಿಗಳನ್ನು ಜೀ5, ಜಿಯೋಹಾಟ್‌ಸ್ಟಾರ್, ಸನ್ ನೆಕ್ಸ್ಟ್‌ನಲ್ಲಿ ನೋಡಿಕೊಂಡು ಕೇಬಲ್ ತೆಗೆಸುತ್ತೇವೆ ಅನ್ನುವವರು ಮೂರು ಆ್ಯಪ್‌ನ ಚಂದಾ ಮತ್ತು ಇಂಟರ್ನೆಟ್ ಬಿಲ್ ಕೂಡಿಸಿ ನೋಡಲಿ. ಇಂಟರ್ನೆಟ್ ಹೇಗೂ ಇದೆ, ಒಂದೇ ಆ್ಯಪ್ ಸಾಕು ಅನ್ನುವವರಿಗೆ ಲಾಭ ಇದೆ. ಮೂರೂ ಬೇಕಾದರೆ, ಮನೆಯ ಹಿರಿಯರು ರಿಮೋಟ್ ಒತ್ತಿ ನೇರವಾಗಿ ಚಾನೆಲ್ ನೋಡಿ ರೂಢಿಯಾದವರಾದರೆ, ಕೇಬಲ್ ತೆಗೆಸುವ ಮೊದಲು ಒಂದು ತಿಂಗಳು ಎರಡನ್ನೂ ಇಟ್ಟುಕೊಂಡು ಅವರಿಗೆ ಹೊಂದುತ್ತದಾ ಅಂತ ನೋಡಿ.